ಮಸಿ ಒರೆಸ್ಬೇಡಿ ಸ್ವಾಮಿ: ಕೆಂಟ್ರಿಜ್ ಪ್ರದರ್ಶನ ನೋಡೋಕೆ ಮುಂಚೆ ಇದನ್ನ ಕೇಳಿ

ನಮಸ್ಕಾರ. ಇವತ್ತಿನ ಎಪಿಸೋಡು ಪ್ರೊಜೆಕ್ಟರ್ ಬಗ್ಗೆ ಅಂತ ಹೇಳಿದ್ವಿ. ಅದು ಮುಂದಿನ ವಾರಕ್ಕೆ ಹೋಯ್ತು. ಕಾರಣ ಒಂದು ಕಾಮೆಂಟು. ಇದ್ದಿಲಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಅನಿಮೇಷನ್ ಸಿನಿಮಾ ಮಾಡೋ ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ ಅವರ ಪ್ರದರ್ಶನಗಳ ಬಗ್ಗೆ ಮಾಡಿದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಬರೆದಿದಾರೆ: "ಡ್ರಾಯಿಂಗ್ ಸೂಪರ್, ಆದ್ರೆ ಹಿಂದೆಲ್ಲಾ ಬರೀ ಮಸಿ. ಕ್ಲೀನ್ ಮಾಡ್ಬಹುದಿತ್ತು, ಫೋಟೋಶಾಪಲ್ಲಿ ಹತ್ತು ನಿಮಿಷದ ಕೆಲಸ." ಅದಕ್ಕೆ ಲೈಕುಗಳು ಬೇರೆ!

ಸ್ವಾಮಿ, ಆ ಮಸಿನೇ ಸಿನಿಮಾ. ಮಿಕ್ಕಿದ್ದು ನೆಪ.

ಗೊತ್ತಿಲ್ಲದೋರಿಗೆ ಒಂದು ನಿಮಿಷ. ಕೆಂಟ್ರಿಜ್ ಹುಟ್ಟಿದ್ದು 1955ರಲ್ಲಿ, ಜೊಹಾನ್ಸ್‌ಬರ್ಗಲ್ಲಿ. ಅಪ್ಪ ಅಮ್ಮ ಇಬ್ಬರೂ ವಕೀಲರು, ವರ್ಣಭೇದದ ಸರ್ಕಾರದ ವಿರುದ್ಧ ಕೋರ್ಟಲ್ಲಿ ನಿಂತವರು. ಕೆಂಟ್ರಿಜ್ ಪ್ಯಾರಿಸ್ಸಿಗೆ ಹೋಗಿ ಮೂಕಾಭಿನಯ, ನಾಟಕ ಕಲಿತು ವಾಪಸ್ ಬಂದು, 1989ರಲ್ಲಿ 16 ಎಂಎಂ ಕ್ಯಾಮೆರಾ ಮುಂದೆ ಇದ್ದಿಲು ಹಿಡಿದು ನಿಂತರು. ತಮ್ಮ ಪದ್ಧತಿನ ಅವರೇ ಶಿಲಾಯುಗದ ಸಿನಿಮಾ ಅಂತ ಕರ್ಕೊಂಡಿದಾರೆ.

ಪದ್ಧತಿ ಹೀಗೆ. ಗೋಡೆಗೆ ದೊಡ್ಡ ಹಾಳೆ. ಕೆಲವು ಹಾಳೆ ಒಂದು ಮೀಟರಿಗಿಂತ ಅಗಲ. ಕೋಣೆಯ ಇನ್ನೊಂದು ತುದಿಯಲ್ಲಿ ಕ್ಯಾಮೆರಾ. ಇದ್ದಿಲಲ್ಲಿ ಬರೀಬೇಕು, ನಡ್ಕೊಂಡು ಹೋಗಿ ಒಂದೋ ಎರಡೋ ಫ್ರೇಮ್, ಅಂದ್ರೆ ಸಿನಿಮಾದ ಬಿಡಿ ಚಿತ್ರ, ತೆಗೀಬೇಕು, ವಾಪಸ್ ಬಂದು ಕೈಯನ್ನೋ ಮೋಡವನ್ನೋ ಸ್ವಲ್ಪ ಅಳಿಸಿ, ಪಕ್ಕಕ್ಕೆ ಮತ್ತೆ ಬರೀಬೇಕು, ಮತ್ತೆ ನಡೀಬೇಕು. ಸ್ಕ್ರಿಪ್ಟ್ ಇಲ್ಲ, ಸ್ಟೋರಿಬೋರ್ಡ್ ಇಲ್ಲ. ಹಾಳೆಗೂ ಕ್ಯಾಮೆರಾಗೂ ಮಧ್ಯೆ ಓಡಾಡುವಾಗಲೇ ಮುಂದಿನದು ಹೊಳೆಯೋದು ಅಂತಾರೆ ಅವರು.

ಮಾಮೂಲಿ ಅನಿಮೇಷನ್‌ನಲ್ಲಿ ಪ್ರತಿ ಚಲನೆಗೆ ಹೊಸ ಚಿತ್ರ. ಇಲ್ಲಿ ಒಂದು ಶಾಟಿಗೆ ಒಂದೇ ಹಾಳೆ. 1994ರ 'ಫೆಲಿಕ್ಸ್ ಇನ್ ಎಕ್ಸೈಲ್' ತಗೊಳ್ಳಿ. ಎಂಟೂಮುಕ್ಕಾಲು ನಿಮಿಷದ ಹತ್ತಿರ ಇದೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕ ಹಾಕಿದ್ರೆ 12,000ಕ್ಕೂ ಹೆಚ್ಚು ಫ್ರೇಮು. ಎರಡೆರಡು ಫ್ರೇಮಿಗೆ ಒಂದು ಚಿತ್ರ ಅಂದ್ರೂ ಮಾಮೂಲಿ ಸ್ಟುಡಿಯೋದಲ್ಲಿ 6,000 ಚಿತ್ರ ಬೇಕು. ಇವರು ಮಾಡಿದ್ದು 40 ಹಾಳೆಯಲ್ಲಿ! ಕೆಲವು ಶಾಟು ಅಲ್ಲಾಡದೆ ನಿಲ್ಲುತ್ತೆ ಅನ್ನೋದನ್ನ ಕಳೆದ್ರೂ, ಒಂದೊಂದು ಹಾಳೆ ಎಷ್ಟು ಸಲ ಅಳಿಸಿಸ್ಕೊಂಡಿರಬೇಕು ಯೋಚ್ನೆ ಮಾಡಿ.

ಅಳಿಸಿದ ಗೆರೆ ಪೂರ್ತಿ ಹೋಗಲ್ಲ, ಮಸಿಯಾಗಿ ಉಳಿಯುತ್ತೆ. ಸ್ಕೂಲಲ್ಲಿ ಕನ್ನಡ ಪೀರಿಯಡ್ಡಲ್ಲಿ ಬೋರ್ಡ್ ಮೇಲೆ ಹಿಂದಿನ ಪೀರಿಯಡ್ಡಿನ ಲೆಕ್ಕ ಮಬ್ಬುಮಬ್ಬಾಗಿ ಕಾಣ್ತಿತ್ತಲ್ಲ, ಹಾಗೆ. ಕೈ ಎತ್ತಿದ್ರೆ, ಕೈ ಎಲ್ಲಿಂದ ಬಂತು ಅನ್ನೋದು ಹಾಳೆ ಮೇಲೆ ಉಳಿದಿರುತ್ತೆ. ಅದು ತಪ್ಪಲ್ಲ. ಅದು ಗಲೀಜಲ್ಲ. ಅದೇ ಕೆಲಸ.

"ಸರಿ, ಅದನ್ನ ಸಾಫ್ಟ್‌ವೇರಲ್ಲೂ ಮಾಡ್ಬಹುದಲ್ವಾ, ಹಿಂದಿನ ಚಿತ್ರ ಇರೋ ಲೇಯರ್, ಅಂದ್ರೆ ಪದರ, 15 ಪರ್ಸೆಂಟ್ ಮಾತ್ರ ಕಾಣೋ ಹಾಗೆ ಇಳಿಸಿದ್ರೆ ಆಯ್ತು?" ಮಾಡಿ ಸಾರ್. ಮಾಡಿ ನೋಡಿ. ಲೇಯರ್ ಇಳಿಸಿದ್ರೆ ಇಡೀ ಗೆರೆ ಒಂದೇ ಸಮ ಮಬ್ಬಾಗುತ್ತೆ. ನಿಜವಾದ ರಬ್ಬರು ಹಾಗಲ್ಲ. ಕಾಗದದ ಮೇಲ್ಮೈ ತರಿತರಿ. ಉಬ್ಬಿನ ಮೇಲೆ ಕೂತ ಪುಡಿ ರಬ್ಬರಿಗೆ ಬರುತ್ತೆ, ತಗ್ಗಿನಲ್ಲಿರೋದು ಇನ್ನೂ ಒಳಗೆ ಹೋಗಿ ಕೂರುತ್ತೆ. ಒತ್ತಿದ ಕಡೆ ನಾರು ಎದ್ದಿರುತ್ತೆ, ಮುಂದಿನ ಗೆರೆ ಅಲ್ಲಿ ಜಾಸ್ತಿ ಕಪ್ಪಾಗಿ ಹಿಡಿಯುತ್ತೆ. ಮೂವತ್ತನೇ ಸಲ ಅಳಿಸೋ ಹೊತ್ತಿಗೆ ಕಾಗದವೇ ನಿಮ್ಮ ಮಾತು ಕೇಳಲ್ಲ, ಬಿಳಿ ಅನ್ನೋದೇ ವಾಪಸ್ ಬರಲ್ಲ. ಈ ಹಠ ಯಾವ ಲೇಯರಿಗಿದೆ?

ಮಾಡಿ ನೋಡೋರಿಗೆ ಸಾಮಾನು ಹೇಳ್ತೀನಿ, ಬರ್ಕೊಳ್ಳಿ. ಕಡ್ಡಿ ಇದ್ದಿಲು, ಅಂದ್ರೆ ವಿಲೋ ಚಾರ್ಕೋಲ್. ಕಂಪ್ರೆಸ್ಡ್ ಚಾರ್ಕೋಲ್ ಮುಖ್ಯ ಗೆರೆಗೆ ತಗೋಬೇಡಿ, ಅದರಲ್ಲಿ ಅಂಟು ಸೇರಿಸಿರ್ತಾರೆ, ಸುಲಭಕ್ಕೆ ಅಳಿಯಲ್ಲ. ಕಾಗದ ದಪ್ಪ ಇರಲಿ, 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅಂತ), ಹತ್ತಿ ನಾರಿಂದಾದ್ರೆ ಒಳ್ಳೇದು. ನುಣುಪಾದ ಚಾರ್ಟ್ ಶೀಟು ಬೇಡ, ಪುಡಿ ಹಿಡಿಯಲ್ಲ, ನಾಲ್ಕು ಸಲ ಅಳಿಸಿದ್ರೆ ಸಿಪ್ಪೆ ಎದ್ದುಬಿಡುತ್ತೆ. ಹಿಟ್ಟಿನ ಥರ ನಾದೋ ಮೆತ್ತನೆ ರಬ್ಬರು ಒಂದು, ಗಟ್ಟಿ ರಬ್ಬರು ಒಂದು, ಮೆತ್ತಗಿನ ಬಟ್ಟೆ. ಪುಡಿ ಉದುರದ ಹಾಗೆ ಹಿಡಿದಿಡೋ ಫಿಕ್ಸೆಟಿವ್ ಸ್ಪ್ರೇ ಶೂಟಿಂಗ್ ಪೂರ್ತಿ ಮುಗಿದ ಮೇಲೆ. ಮಧ್ಯದಲ್ಲಿ ಹೊಡೆದ್ರೆ ಆ ಹಾಳೆಯ ಕಥೆ ಅಲ್ಲಿಗೆ ಮುಗೀತು.

ಕೆಡೋದೆಲ್ಲಾ ಲೈಟಿಂದ. ಕಿಟಕಿ ಮುಚ್ಚಿ, ಇಲ್ದಿದ್ರೆ ಮೋಡ ಬಂದು ಹೋದಾಗೆಲ್ಲ ಚಿತ್ರ ಮಿಣುಕುತ್ತೆ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ಫೋಕಸ್ ಮೂರೂ ಮ್ಯಾನ್ಯುಯಲ್. ಫೋಕಸ್ ರಿಂಗಿಗೆ ಟೇಪ್ ಸುತ್ತಿ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತೆ, ಆದ್ದರಿಂದ ಶಟರ್ 1/50 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇಡಿ. ಟ್ರೈಪಾಡ್ ಕಾಲಿನ ಸುತ್ತ ನೆಲಕ್ಕೆ ಟೇಪ್ ಹಾಕಿ, ಗುದ್ದಿಸ್ಕೊಂಡ್ರೆ ಮತ್ತೆ ಅದೇ ಜಾಗಕ್ಕೆ ತರಬಹುದು. ಬಿಳಿ ಶರ್ಟ್ ಹಾಕ್ಕೊಂಡು ನಿಂತ್ರೆ ಹಾಳೆ ಮೇಲೆ ನಿಮ್ಮ ಬೆಳಕೇ ಬೀಳುತ್ತೆ, ಕಪ್ಪು ಹಾಕಿ. ಕಪ್ಪು ಟೀಶರ್ಟು ನಮ್ಮ ಅಂಗಡಿಯಲ್ಲೇ ಇದೆ, ಲಿಂಕ್ ಕೆಳಗಿದೆ. ಇದ್ದಿಲ ಮಸಿನೂ ಕಾಣಲ್ಲ ಅದರಲ್ಲಿ.

ಹಾಂ, ಗ್ಯಾಲರಿ ವಿಷಯ. 2022ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇವರ ದೊಡ್ಡ ಪ್ರದರ್ಶನ ಆಯ್ತು. ಇಂಥ ಕಡೆ ಗೋಡೆ ಮೇಲಿರೋ ಇದ್ದಿಲ ಚಿತ್ರ ಏನು ಅನ್ಕೊಂಡಿದೀರ? ಅದು ಆ ಶಾಟಿನ ಕೊನೆಯ ಸ್ಥಿತಿ. ಅದಕ್ಕಿಂತ ಮುಂಚೆ ಇದ್ದ ನೂರಾರು ಚಿತ್ರ ಅದೇ ಹಾಳೆಯಲ್ಲಿ ಅಳಿದುಹೋಗಿವೆ, ಇರೋದು ಫಿಲ್ಮಲ್ಲಿ ಮಾತ್ರ. ಆದ್ದರಿಂದ ಮೊದಲು ಸಿನಿಮಾ ನೋಡಿ, ಆಮೇಲೆ ಹಾಳೆ ಹತ್ರ ಹೋಗಿ ಸ್ವಲ್ಪ ಓರೆಯಾಗಿ ನಿಂತು ನೋಡಿ. ಕತ್ತಲಿಂದ ಬಂದ ತಕ್ಷಣ ಏನೂ ಕಾಣಲ್ಲ, ತಾಳ್ಮೆ ಇರಲಿ. ಕಾಗದದ ಕೃತಿಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಆಸುಪಾಸಲ್ಲೇ ಮಂದ ಬೆಳಕು ಇಡೋದು. ಸಿನಿಮಾ ಲೂಪಲ್ಲಿ, ಅಂದ್ರೆ ಮತ್ತೆ ಮತ್ತೆ ಓಡ್ತಿರುತ್ತೆ, ಮಧ್ಯದಲ್ಲಿ ಒಳಗೆ ಹೋದ್ರೆ ಕೂತು ಮತ್ತೆ ಮೊದಲಿಂದ ನೋಡಿ. ಬೆಂಚು ಹಾಕಿರೋದು ಫೋನ್ ನೋಡೋಕಲ್ಲ.

"ಯೂಟ್ಯೂಬಲ್ಲಿ ಕ್ಲಿಪ್ ಇದೆಯಲ್ಲ, ಗ್ಯಾಲರಿಗೆ ಯಾಕೆ ಹೋಗ್ಬೇಕು?" ಬಂತು ನೋಡಿ. ಇದನ್ನ ಯೂಟ್ಯೂಬಲ್ಲೇ ಕೂತು ಹೇಳ್ತಿದೀನಿ, ನಗ್ಬೇಡಿ. ವಿಡಿಯೋ ಕಂಪ್ರೆಷನ್ ಹೇಗೆ ಕೆಲಸ ಮಾಡುತ್ತೆ? ಫ್ರೇಮನ್ನ ಚೌಕಚೌಕ ಮಾಡಿ, ದೊಡ್ಡ ಆಕಾರ ಇಟ್ಕೊಂಡು, ಕಣ್ಣು ಗಮನಿಸಲ್ಲ ಅಂದ್ಕೊಂಡ ಸಣ್ಣ ವ್ಯತ್ಯಾಸಗಳನ್ನ ಮೊದಲು ಬಿಸಾಕುತ್ತೆ. ಬೂದುಬಣ್ಣದ ಮೇಲೆ ತಿಳಿ ಬೂದು ಗೆರೆ, ಪುಡಿಯ ಕಣ, ರಬ್ಬರಿನ ಜಾಡು. ಬಿಸಾಕೋ ಪಟ್ಟಿಯಲ್ಲಿ ಮೊದಲು ಇರೋದೇ ಇವು! ಅಂದ್ರೆ ನಮ್ಮ ಮಹಾನುಭಾವರು ಕೇಳಿದ ಕ್ಲೀನಿಂಗು ಅವರ ಮೊಬೈಲು ಆಗಲೇ ಅರ್ಧ ಮಾಡ್ಕೊಟ್ಟಿದೆ. ಅಷ್ಟಾದ ಮೇಲೂ ಮಸಿ ಜಾಸ್ತಿ ಆಯ್ತಂತೆ ಅವರಿಗೆ.

ಮತ್ತೆ ಹೇಳ್ತೀನಿ, ಸ್ವಲ್ಪ ಜೋರಾಗೇ ಹೇಳ್ತೀನಿ: ಮಸಿನೇ ಸಿನಿಮಾ.

'ಫೆಲಿಕ್ಸ್ ಇನ್ ಎಕ್ಸೈಲ್'ನಲ್ಲಿ ಬಯಲಲ್ಲಿ ಹೆಣಗಳು ಬಿದ್ದಿರ್ತವೆ. ಗಾಯದ ಸುತ್ತ ಕೆಂಪು ಗೆರೆ. ನ್ಯೂಸ್‌ಪೇಪರ್ ಹಾಳೆಗಳು ಹಾರಿ ಬಂದು ಮೈ ಮುಚ್ಚುತ್ತವೆ, ನಿಧಾನಕ್ಕೆ ಮೈ ನೆಲದಲ್ಲಿ ಕರಗಿಹೋಗುತ್ತೆ. ಮಾಡಿದ್ದು ದಕ್ಷಿಣ ಆಫ್ರಿಕಾದಲ್ಲಿ ಎಲ್ಲ ಜನಾಂಗದವರೂ ಮತ ಹಾಕಿದ ಮೊದಲ ಚುನಾವಣೆಗೆ ಸ್ವಲ್ಪ ಮುಂಚೆ. ಸತ್ತವರನ್ನ ಈ ನೆಲ ನೆನಪಿಟ್ಕೊಳ್ಳುತ್ತಾ ಅನ್ನೋದೇ ಅಲ್ಲಿರೋ ಪ್ರಶ್ನೆ. ಆ ಹಾಳೆ ಮೇಲೆ ದೇಹ ಇದ್ದ ಜಾಗ ಬೂದುಬಣ್ಣದ ಮಸಿಯಾಗಿ ಉಳಿದಿರುತ್ತೆ. ಅದನ್ನ ಫೋಟೋಶಾಪಲ್ಲಿ ಒರೆಸ್ತೀರಾ? ಹತ್ತು ನಿಮಿಷದಲ್ಲಿ?

"ಎಐ ಮಸಿನೂ ಹಾಕಿ ಕೊಡುತ್ತೆ ಬ್ರೋ." ಕೊಡುತ್ತೆ ಬ್ರೋ. ಏನೂ ಅಳಿಸದೇ ಅಳಿಸಿದ ಗುರುತು ಕೊಡುತ್ತೆ. ಖುಷಿಯಾಗಿರಿ.

ಇನ್ನೊಂದು ಹೇಳಿ ಮುಗಿಸ್ತೀನಿ. 2016ರಲ್ಲಿ ಕೆಂಟ್ರಿಜ್ ರೋಮ್‌ನಲ್ಲಿ ಟೈಬರ್ ನದಿ ದಂಡೆಯ ಗೋಡೆ ಮೇಲೆ ಸುಮಾರು 500 ಮೀಟರ್ ಉದ್ದಕ್ಕೆ 80ಕ್ಕೂ ಹೆಚ್ಚು ಆಕೃತಿ ಬಿಡಿಸಿದ್ರು. ಬಣ್ಣ ಒಂದು ಹನಿ ಇಲ್ಲ. ಕೊರೆದ ದೊಡ್ಡ ಅಚ್ಚುಗಳನ್ನ (ಸ್ಟೆನ್ಸಿಲ್) ಗೋಡೆಗೆ ಇಟ್ಟು, ಸುತ್ತಲಿನ ಪಾಚಿ, ಕೊಳೆ ಎಲ್ಲಾ ಪ್ರೆಶರ್ ನೀರಲ್ಲಿ ತೊಳೆದ್ರು. ತೊಳೆದ ಕಡೆ ಬಿಳಿ ಕಲ್ಲು, ಅಚ್ಚಿನ ಕೆಳಗೆ ಉಳಿದ ಕೊಳೆಯೇ ಚಿತ್ರ. ಕೊಳೆ ಮತ್ತೆ ಹತ್ತಿ ಹತ್ತಿ ಅದು ಮಾಸಿ ಹೋಗಲಿ ಅಂತಲೇ ಮಾಡಿದ್ದು. ಅಲ್ಲಿಗೂ ಹೋಗಿ "ಗೋಡೆ ಗಲೀಜು" ಅಂತ ಕಾಮೆಂಟ್ ಹಾಕ್ತೀರಾ? ಹಾಕ್ತೀರಿ, ನನಗ್ಗೊತ್ತು.

ಲಂಡನ್ನು, ರೋಮು ನಮಗೆ ದೂರ ಅನ್ನೋರಿಗೆ: 2018ರ ಡಿಸೆಂಬರಲ್ಲಿ ಶುರುವಾದ ಕೊಚ್ಚಿ ಬಿನಾಲೆಗೆ (ಎರಡು ವರ್ಷಕ್ಕೊಮ್ಮೆಯ ಕಲಾ ಮೇಳ) ಇವರ ಎಂಟು ಪರದೆಯ ವಿಡಿಯೋ ಮೆರವಣಿಗೆ ಬಂದಿತ್ತು, 'ಮೋರ್ ಸ್ವೀಟ್ಲಿ ಪ್ಲೇ ದ ಡ್ಯಾನ್ಸ್'. ಬ್ಯಾಂಡ್‌ಸೆಟ್ಟು, ಕುಣಿಯೋರು, ಸಲೈನ್ ಬಾಟಲಿ ಹಿಡ್ಕೊಂಡು ನಡೆಯೋರು, ಹಿಂದೆ ಇದ್ದಿಲಲ್ಲಿ ಬರೆದ ಬಯಲು. ಬೆಂಗಳೂರಿಂದ ಒಂದು ರಾತ್ರಿ ಬಸ್ಸು. ಆಗ ಎಲ್ಲಿದ್ರಿ ಸಾರ್? ಮುನ್ನಾರಲ್ಲಿ ಸೆಲ್ಫಿ?

ಆಯ್ತು, ಬಿಪಿ ಬೇಡ. ಮಸಿ ಬೇಡ ಅನ್ನೋರು ಬೇಡ ಅನ್ಲಿ, ಅವರಿಗೆ ಬೇಕಾದಷ್ಟು ಕಾರ್ಟೂನು ಇದೆ. ಯಾಕೆ ಅಂತ ಕೇಳಿದ್ರೆ ಇನ್ನು ನನ್ನ ಹತ್ರ ಕಾರಣ ಇಲ್ಲ, ಮಸಿನೇ ಸಿನಿಮಾ, ಅಷ್ಟೇ! ಎಡಿಟರ್ ಕೈ ತೋರಿಸ್ತಿದಾರೆ, ಟೈಮ್ ಆಯ್ತಂತೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಮೆಂಬರ್‌ಗಳಿಗೆ ಹೋಂವರ್ಕು: ಒಂದೇ ಹಾಳೆ, 48 ಫ್ರೇಮು, ಎರಡೆರಡು ಫ್ರೇಮಿಗೆ ಒಂದು ಬದಲಾವಣೆ, ಒಟ್ಟು ಎರಡು ಸೆಕೆಂಡು. ಕಾಫಿ ಲೋಟದಿಂದ ಹೊಗೆ ಏಳೋದು ಬರೀರಿ. ಫೈಲ್ ಕಳಿಸುವಾಗ ವಾಟ್ಸಾಪಲ್ಲಿ ವಿಡಿಯೋ ಥರ ಕಳಿಸ್ಬೇಡಿ, ಡಾಕ್ಯುಮೆಂಟ್ ಥರ ಕಳಿಸಿ.