ದವಾಖಾನೆಗೂ ಬೇಕು ತಾಲೀಮು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ನನ್ನ ಮಾತು ಹೆಚ್ಚಾಗಿ ಸ್ವಂತ ದವಾಖಾನೆ ತೆರೆಯಲು ಹೊರಟಿರುವ ಹುಡುಗ ಹುಡುಗಿಯರಿಗೆ. ನೀವು ಎಂಬಿಬಿಎಸ್ ಮಾಡಿರಬಹುದು, ಹಲ್ಲಿನ ಡಾಕ್ಟರ್ ಆಗಿರಬಹುದು, ಆಯುರ್ವೇದವನ್ನೋ ಫಿಸಿಯೊಥೆರಪಿಯನ್ನೋ ಓದಿರಬಹುದು. ಹುಬ್ಬಳ್ಳಿಯಲ್ಲಿ ನಾವೆಲ್ಲ ಕಿಮ್ಸ್ ಅಂತ ಕರೆಯುವ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ. ಈಗ ಗದಗಿನಲ್ಲೂ ಹಾವೇರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಓದು ಮುಗಿಸಿದ ಮಕ್ಕಳು ಬೆಂಗಳೂರಿಗೆ ಹೋಗದೆ ಇಲ್ಲೇ ಬೋರ್ಡ್ ಹಾಕಿದರೆ ನನಗೆ ತುಂಬಾ ಖುಷಿ. ಅವರು ನಿಲ್ಲಬೇಕು, ಬೆಳೆಯಬೇಕು ಅನ್ನುವುದೇ ನನ್ನ ಆಸೆ.

ನಾನು ಫಿಸಿಯೊಥೆರಪಿಸ್ಟ್. ಸೊರಗಿದ ಕಾಲಿಗೆ, ತೋಳಿಗೆ, ಬೆನ್ನಿಗೆ ಮತ್ತೆ ಶಕ್ತಿ ತರಿಸುವುದು ನನ್ನ ಕೆಲಸ. ಸ್ನಾಯು ಹೇಗೆ ಬೆಳೆಯುತ್ತದೆ, ಯಾವಾಗ ಪೆಟ್ಟು ತಿನ್ನುತ್ತದೆ ಅಂತ ದಿನಾ ನೋಡುತ್ತೇನೆ. ದವಾಖಾನೆ ಬೆಳೆಯುವುದೂ ಅದೇ ನಿಯಮದಿಂದ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಈಗ ಹೊರುವುದಕ್ಕಿಂತ ಸ್ವಲ್ಪವೇ ಜಾಸ್ತಿ ಭಾರ, ಆಮೇಲೆ ವಿಶ್ರಾಂತಿ, ಮತ್ತೆ ಸ್ವಲ್ಪ ಭಾರ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಆಸ್ಪತ್ರೆಯೊಂದರಲ್ಲಿ ಥಾಮಸ್ ಡಿಲೋರ್ಮ್ ಅನ್ನುವ ಡಾಕ್ಟರ್ ಇದ್ದರು. ಮೊಣಕಾಲಿಗೆ ಪೆಟ್ಟಾದ ಸೈನಿಕರಿಗೆ ಆಗ ಕೊಡುತ್ತಿದ್ದದ್ದು ಹಗುರ ವ್ಯಾಯಾಮ. ಗುಣವಾಗಲು ಬಹಳ ದಿನ ಹಿಡಿಯುತ್ತಿತ್ತು. ಡಿಲೋರ್ಮ್ ಆ ಸೈನಿಕರ ಕಾಲಿಗೆ ಭಾರ ಕಟ್ಟಿ ಎತ್ತಿಸಿದರು, ಭಾರವನ್ನು ಕ್ರಮವಾಗಿ ಏರಿಸಿದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಶುರುವಿನಲ್ಲಿ ಒಂದೊಂದು ಸಲಕ್ಕೆ 70ರಿಂದ 100 ಬಾರಿ ಎತ್ತಿಸುತ್ತಿದ್ದರು. ಮುಂದೆ ಅಷ್ಟು ಬೇಡ ಅಂತ ಅವರಿಗೇ ಗೊತ್ತಾಯಿತು. ಹತ್ತು ಸಲ ಎತ್ತಲು ಆಗುವ ಭಾರ ಎಷ್ಟು ಅಂತ ನೋಡಿ, ಮೊದಲು ಅದರ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಮೂರು ಸುತ್ತು, ಅಷ್ಟೇ. ನಾವು ಓದುವಾಗ ಈ ಲೆಕ್ಕವನ್ನೇ ಕಲಿತೆವು.

ಇದರಲ್ಲಿ ಒಂದು ಮಾತನ್ನು ಗಮನಿಸಿ. ಡಿಲೋರ್ಮ್ ಎಲ್ಲಕ್ಕಿಂತ ಮೊದಲು ಅಳೆಯುತ್ತಿದ್ದರು. ಈ ಮನುಷ್ಯ ಇವತ್ತು ಎಷ್ಟು ಎತ್ತಬಲ್ಲ ಅಂತ ನೋಡಿಯೇ ಭಾರ ಹಾಕುತ್ತಿದ್ದರು.

ಹೊಸ ದವಾಖಾನೆಗಳಲ್ಲಿ ಈ ಅಳತೆ ಆಗುವುದೇ ಇಲ್ಲ. ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ ಅಂತ ಮೊದಲ ದಿನವೇ ದೊಡ್ಡ ಜಾಗ, ಏಸಿ, ಸಾಲುಸಾಲು ಮಷಿನ್. ಸಾಲದ ಕಂತು ಮುಂದಿನ ತಿಂಗಳಿಂದಲೇ ಶುರುವಾಗುತ್ತದೆ. ಪೇಷಂಟ್ ಅಷ್ಟು ಬೇಗ ಬರುವುದಿಲ್ಲ. ಆಗ ಏನಾಗುತ್ತದೆ? ಐದು ದಿನ ಸಾಕಾಗುವವರಿಗೆ ಹದಿನೈದು ದಿನ ಬನ್ನಿ ಅನ್ನುವ ಮನಸ್ಸಾಗುತ್ತದೆ. ಬೇಡದ ಟೆಸ್ಟ್ ಬರೆಯಲು ಕೈ ಹೋಗುತ್ತದೆ. ಒಳ್ಳೆಯ ಮನಸ್ಸಿನ ಹುಡುಗರೂ ಹೀಗೆ ಬದಲಾಗಿದ್ದನ್ನು ನೋಡಿ ನನಗೆ ಸಂಕಟವಾಗಿದೆ. ನನ್ನ ಕಸುಬಿನವರಿಗಂತೂ ಹೇಳುತ್ತೇನೆ: ಒಂದು ಕೋಣೆ, ಒಂದು ಮಂಚ, ಹಿಡಿದು ನಡೆಯಲು ಕಂಬಿ, ಅರ್ಧ ಕೆಜಿ, ಒಂದು ಕೆಜಿ ಮರಳಿನ ಚೀಲಗಳು. ಇಷ್ಟರಲ್ಲೇ ಎಷ್ಟೋ ಮೊಣಕಾಲುಗಳನ್ನು ಮೆಟ್ಟಿಲು ಹತ್ತಿಸಬಹುದು. ಮಷಿನ್ ಆಮೇಲೆ ಬರಲಿ. ಆದರೆ ಕಾನೂನಿನ ಕೆಲಸ ಮಾತ್ರ ಮುಂದೂಡಬೇಡಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಿ. ದರಪಟ್ಟಿಯನ್ನು ಕಾಣುವ ಹಾಗೆ, ಕನ್ನಡದಲ್ಲಿ ಹಾಕಿ.

ಇನ್ನೊಂದು ನಿಯಮ ನಮ್ಮ ಗರಡಿ ಮನೆಯವರಿಗೆ ಚೆನ್ನಾಗಿ ಗೊತ್ತು. ಹೊಸ ಹುಡುಗನ ಕೈಗೆ ಉಸ್ತಾದರು ಮೊದಲ ದಿನ ಗದೆ ಕೊಡುವುದಿಲ್ಲ. ದಂಡ ಹೊಡೆಯುವಾಗ ಬೆನ್ನು ಹೇಗಿದೆ, ಬೈಠಕ್ ಮಾಡುವಾಗ ಮೊಣಕಾಲು ಎತ್ತ ತಿರುಗುತ್ತದೆ, ಅದನ್ನು ನೋಡುತ್ತಾರೆ. ಭಂಗಿ ಸರಿಯಾಗದೆ ಭಾರ ಏರಿಸಿದರೆ ಸೊಂಟ ಹಿಡಿಯುತ್ತದೆ.

ದವಾಖಾನೆಯಲ್ಲಿ ಈ ಭಂಗಿ ಅಂದರೆ ಯಾವುದು? ಬಿಪಿ ನೋಡುವ ರೀತಿಯನ್ನೇ ತೆಗೆದುಕೊಳ್ಳಿ. ನವಲಗುಂದ ಕಡೆಯಿಂದ ಒಬ್ಬ ತಾಯಿ ಬಸ್ಸಿಳಿದು, ಬಿಸಿಲಲ್ಲಿ ನಡೆದು, ಮೆಟ್ಟಿಲು ಹತ್ತಿ ಬಂದಿರುತ್ತಾರೆ. ಕುಳಿತ ಕೂಡಲೇ ರವಿಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತುತ್ತೇವೆ. ಅವರ ಕಾಲು ಸ್ಟೂಲಿನಿಂದ ಜೋತಾಡುತ್ತಿರುತ್ತದೆ. "ಬಸ್ಸು ಭಾಳ ತಡಾ ಆತ್ರಿ" ಅಂತ ಮಾತಾಡುತ್ತಲೇ ಇರುತ್ತಾರೆ. ಬಿಪಿ ಜಾಸ್ತಿ ಬರುತ್ತದೆ. ಗುಳಿಗೆ ಬರೆದಾಯಿತು. ಸರಿಯಾಗಿ ನೋಡಬೇಕು ಅಂದರೆ ಐದು ನಿಮಿಷ ಸುಮ್ನೆ ಕೂರಿಸಬೇಕು. ಬೆನ್ನಿಗೆ ಆಸರೆ ಇರಬೇಕು, ಎರಡೂ ಪಾದ ನೆಲದ ಮೇಲಿರಬೇಕು, ಬರಿ ತೋಳು ಎದೆಯ ಮಟ್ಟಕ್ಕೆ ಇರಬೇಕು. ಮಾತು ಬೇಡ. ಹಿಂದಿನ ಅರ್ಧ ಗಂಟೆಯಲ್ಲಿ ಚಹಾ, ತಂಬಾಕು ಆಗಿರಬಾರದು. ಹೊರಗೆ ಬೆನ್ನಿರುವ ಒಂದು ಕುರ್ಚಿ ಹಾಕಿ ಸಿಸ್ಟರ್‌ಗೆ ಇದನ್ನು ಕಲಿಸಿದರೆ ಡಾಕ್ಟರ್ ಸಮಯವೂ ಉಳಿಯುತ್ತದೆ. ದಿನಕ್ಕೆ ಹತ್ತೇ ಪೇಷಂಟ್ ಇರುವಾಗ ಈ ರೂಢಿ ಬೀಳಬೇಕು. ಎಂಬತ್ತು ಜನ ಬರತೊಡಗಿದ ಮೇಲೆ ಕಲಿಯುತ್ತೇವೆ ಅಂದರೆ ಆಗದ ಮಾತು. ಕೈ ತೊಳೆಯುವುದು, ಓದಲು ಬರುವ ಹಾಗೆ ಚೀಟಿ ಬರೆಯುವುದು, ಎಲ್ಲ ಅಷ್ಟೇ.

ಯಾವ ಕೆಲಸಕ್ಕೆ ತಯಾರಾಗುತ್ತೀರೋ ಶಕ್ತಿ ಬರುವುದೂ ಅದಕ್ಕೇ. ಓಡಿದವನ ದಮ್ಮು ಗಟ್ಟಿಯಾಗುತ್ತದೆ, ಭಾರ ಎತ್ತಿದವನ ತೋಳು. ನಿಮ್ಮ ಊರಿನ ನೋವು ಯಾವುದು ಅಂತ ನೋಡಿಕೊಂಡು ತಯಾರಾಗಿ. ಗದಗ, ಹಾವೇರಿಯ ಹಳ್ಳಿಗಳಿಂದ ಬರುವವರಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆದು ಮೊಣಕಾಲು ಸೋತ ಹೆಂಗಸರು ಎಷ್ಟೋ ಜನ. "ನೆಲದ ಮೇಲೆ ಕೂರಬೇಡಿ" ಅಂತ ಹೇಳಿ ಕಳಿಸಿದರೆ ಅವರು ತಲೆಯಾಡಿಸಿ ಹೋಗುತ್ತಾರೆ, ಮಾರನೇ ದಿನ ಮತ್ತೆ ರೊಟ್ಟಿ ಬಡಿಯಲು ನೆಲಕ್ಕೇ ಕೂರುತ್ತಾರೆ. ನಾನು ಮನೆಯವರನ್ನು ಕರೆಸಿ ಕೇಳುತ್ತೇನೆ, ಒಲೆಯನ್ನು, ಹಿಟ್ಟು ನಾದುವ ಕೊಣಮಿಗೆಯನ್ನು ಕಟ್ಟೆಯ ಮೇಲೆ ಇಡಲು ಆಗುತ್ತದೆಯೇ? ಅಷ್ಟೂ ಆಗದಿದ್ದರೆ ಒಂದು ಎತ್ತರದ ಮಣೆ ಸಿಗುತ್ತದೆಯೇ? ಈ ಎರಡು ಪ್ರಶ್ನೆ ಕೇಳಿದ ಮನೆಯಿಂದ ಆಮೇಲೆ ಅತ್ತಿಗೆಯೂ ಬರುತ್ತಾರೆ, ಪಕ್ಕದ ಮನೆಯವರೂ ಬರುತ್ತಾರೆ. ಇದಕ್ಕಿಂತ ದೊಡ್ಡ ಜಾಹೀರಾತು ನನಗೆ ಗೊತ್ತಿಲ್ಲ.

ಬಿಟ್ಟರೆ ಹೋಗುತ್ತದೆ ಅನ್ನುವುದು ಇನ್ನೊಂದು ನಿಯಮ. ಪ್ಲಾಸ್ಟರ್ ಹಾಕಿದ ಕಾಲನ್ನು ಕೆಲವು ವಾರದ ಮೇಲೆ ಬಿಚ್ಚಿ ನೋಡಿ, ತೊಡೆ ಎಷ್ಟು ಸಣ್ಣಗಾಗಿರುತ್ತದೆ ಅಂತ. ಬೆಳಿಗ್ಗೆ ಹತ್ತಕ್ಕೆ ಅಂತ ಬೋರ್ಡ್ ಬರೆಸಿದರೆ ಹತ್ತಕ್ಕೆ ಬಾಗಿಲು ತೆರೆದಿರಬೇಕು. ಶಿರಹಟ್ಟಿಯಿಂದ ಕೂಲಿ ಬಿಟ್ಟು ಬಂದವರು ಎರಡು ಸಲ ಬೀಗ ನೋಡಿದರೆ ಮೂರನೇ ಸಲ ಬರುವುದಿಲ್ಲ, ಅಲ್ವಾ? ಪೇಷಂಟ್ ಕೂಡ ಅರ್ಧಕ್ಕೇ ಬಿಡುತ್ತಾರೆ. ನೋವು ಸ್ವಲ್ಪ ಇಳಿದರೆ ಸಾಕು ಅಂತ ಬಿಡುವವರಿದ್ದಾರೆ, ಬಸ್ ಚಾರ್ಜಿಗೆ, ದಿನಗೂಲಿಗೆ ಹೆದರಿ ಬಿಡುವವರೂ ಇದ್ದಾರೆ. ಅವರಿಗೆ ಮನೆಯಲ್ಲೇ ಮಾಡುವ ಎರಡು ವ್ಯಾಯಾಮ ಕಲಿಸಿ, ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ಕೇಳಿ. ಎಷ್ಟು ಜನ ಬಂದರು ಅಂತ ಎಲ್ಲರೂ ಬರೆದಿಡುತ್ತಾರೆ. ಯಾರು ಬರುವುದು ಬಿಟ್ಟರು, ಯಾಕೆ ಬಿಟ್ಟರು ಅಂತ ಬರೆದಿಡಿ. ಭಾರ ಏರಿಸಬೇಕೋ ಬೇಡವೋ ಅಂತ ಆ ವಹಿಯೇ ಹೇಳುತ್ತದೆ.

ಇನ್ನು ವಿಶ್ರಾಂತಿ. ಇದನ್ನು ಹೇಳಲೆಂದೇ ನಾನು ಇಲ್ಲಿ ಕೂತಿದ್ದೇನೆ ಅಂದರೂ ನಡೆಯುತ್ತದೆ. ಸ್ನಾಯು ಗಟ್ಟಿಯಾಗುವುದು ಭಾರ ಇಳಿಸಿದ ಮೇಲೆ, ಉಂಡು ಮಲಗಿದಾಗ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ, ಭಾನುವಾರವೂ ಇಲ್ಲದೆ ಕೂರುವ ಡಾಕ್ಟರನ್ನು ನಾವೆಲ್ಲ ಹೊಗಳುತ್ತೇವೆ. ರಾತ್ರಿ ಒಂಬತ್ತೂವರೆಗೆ ಬಂದ ಪೇಷಂಟ್ ಎದೆ ಉರಿ ಅಂದಾಗ ಅದು ಗ್ಯಾಸೋ ಹೃದಯದ ತೊಂದರೆಯೋ ಅಂತ ಯೋಚಿಸುವ ತಾಳ್ಮೆ ಆ ದಣಿದ ತಲೆಗೆ ಇರುತ್ತದೆಯೇ? ನಿಮಗೆ ವಾರಕ್ಕೊಂದು ರಜೆ ಬೇಕೇ ಬೇಕು. ಕೌಂಟರಿನ ಹುಡುಗಿಗೂ ಬೇಕು, ಕಸ ಗುಡಿಸುವ ಅಕ್ಕನಿಗೂ ಬೇಕು. ವರ್ಷದ ಲೆಕ್ಕ ಮೊದಲೇ ಹಾಕಿ. ಮಳೆಗಾಲದಲ್ಲಿ ಜ್ವರದವರು ಜಾಸ್ತಿ, ಆಗ ಕೈಗೆ ಇನ್ನೊಬ್ಬರು ಬೇಕು. ಬಿತ್ತನೆಯ ಹೊತ್ತಿನಲ್ಲಿ ಮೈಕೈ ನೋವಿನವರು ಕಡಿಮೆ. ನೋವಿರುತ್ತದೆ, ಬರಲು ಪುರುಸೊತ್ತಿರುವುದಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಸಿಬ್ಬಂದಿಗೆ ರಜೆ ಕೊಡಲು ಅದೇ ಒಳ್ಳೆಯ ಸಮಯ.

ಭಾರ ಏರಿಸುವಾಗ ಒಂದು ಸಲಕ್ಕೆ ಒಂದನ್ನೇ ಏರಿಸಿ. ಸಂಜೆ ಹೊತ್ತು ಶುರು ಮಾಡಿದ ತಿಂಗಳಲ್ಲೇ ಹೊಸ ಮಷಿನ್ ತರಬೇಡಿ. ಹುಬ್ಬಳ್ಳಿಯಲ್ಲಿ ಚೆನ್ನಾಗಿ ನಡೆದರೆ ಧಾರವಾಡದಲ್ಲೂ ಒಂದು ತೆರೆಯೋಣ ಅಂತ ಅನ್ನಿಸುವುದು ಸಹಜ. ಸುಮಾರು ಇಪ್ಪತ್ತು ಕಿಲೋಮೀಟರ್ ಅಷ್ಟೇ ಅಲ್ವಾ ಅನ್ನುತ್ತಾರೆ. ಮೊದಲು ಅಲ್ಲಿ ಪರಿಚಯದ ಡಾಕ್ಟರ ಕೋಣೆಯಲ್ಲಿ ವಾರಕ್ಕೊಂದು ದಿನ ಕೂತು ನೋಡಿ. ಮೂರು ತಿಂಗಳು ಆಗಲಿ. ಆ ಒಂದು ದಿನಕ್ಕಾಗಿ ಹುಬ್ಬಳ್ಳಿಯ ಪೇಷಂಟ್‌ಗಳಲ್ಲಿ ಯಾರಿಗಾದರೂ ತೊಂದರೆ ಆಯಿತೇ ಅಂತ ನಿಮ್ಮ ಸಿಸ್ಟರನ್ನು ಕೇಳಿ. ಅವರು ಇಲ್ಲ ಅಂದರೆ ಎರಡನೇ ಬೋರ್ಡ್ ಬರೆಸಿ.

ನಮಸ್ಕಾರ.