ಮನೆತನದ ಕಾಯಿಲೆ ಎನ್ನುವ ಮೊದಲು

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಲಿವರ್ ಕ್ಯಾನ್ಸರಿನ ಬಗ್ಗೆ ಮಾತನಾಡುವುದಾದರೆ ಗಲ್ಫ್ ವೀಸಾದಿಂದಲೇ ಆರಂಭಿಸಬೇಕು. ಮುಂದೆ ಲಿವರ್ ಕ್ಯಾನ್ಸರ್ ತರಬಲ್ಲ ಹೆಪಟೈಟಿಸ್ ಬಿ ವೈರಸ್ ತಮ್ಮ ರಕ್ತದಲ್ಲಿ ಇದೆಯೆಂದು ಕರಾವಳಿಯ ಎಷ್ಟೋ ಯುವಕರಿಗೆ ಗೊತ್ತಾಗುವುದು ವಿದೇಶಕ್ಕೆ ಹೊರಟಾಗಿನ ಮೆಡಿಕಲ್‌ನಲ್ಲಿ. ‘ಅನ್‌ಫಿಟ್’ ಎಂದು ಬಂದರೆ ಕೆಲಸ ತಪ್ಪಿತೆಂದು ಮನೆಮಂದಿ ಕೊರಗುತ್ತಾರೆ, ವರದಿ ಕಪಾಟು ಸೇರುತ್ತದೆ. ಲಿವರ್‌ನ ಮಾತನ್ನು ಯಾರೂ ಎತ್ತುವುದಿಲ್ಲ. ಹತ್ತಿಪ್ಪತ್ತು ವರ್ಷ ಕಳೆದು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದವರು ಹೇಳುವುದು ಇಷ್ಟು: “ಡಾಕ್ಟರೇ, ನಮ್ಮ ಸೋದರಮಾವನಿಗೂ ಇದೇ ಆಗಿತ್ತು, ಅಣ್ಣನಿಗೂ ಆಯಿತು. ಮನೆತನದಲ್ಲೇ ಇದೆ.” ಅಷ್ಟರಲ್ಲಿ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಟ್ಟು, ದೋಷ ಕಂಡು, ಪರಿಹಾರವೂ ಮುಗಿದಿರುತ್ತದೆ.

ಮನೆತನದಲ್ಲಿ ಇರುವುದು ನಿಜ. ಆದರೆ ಹೆಚ್ಚಿನ ಸಲ ಅದು ವಂಶವಾಹಿಯಲ್ಲಿ ಇಳಿದು ಬಂದದ್ದಲ್ಲ. ಅಜ್ಜಿಯ ರಕ್ತದಲ್ಲಿದ್ದ ವೈರಸ್ ಹೆರಿಗೆಯ ಹೊತ್ತಿನಲ್ಲಿ ಮಗನಿಗೂ ಮಗಳಿಗೂ ದಾಟುತ್ತದೆ. ಆ ಮಗಳು ತಾಯಿಯಾದಾಗ ಅವಳ ಮಕ್ಕಳಿಗೂ ದಾಟುತ್ತದೆ. ಸೋದರಮಾವ, ಅಳಿಯ ಇಬ್ಬರಿಗೂ ಒಂದೇ ಕಾಯಿಲೆ ಬರುವುದು ಹೀಗೆ. ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಅಳಿಯಕಟ್ಟಿನ ಊರಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟುವಾಗಲೇ ಸೋಂಕು ತಗುಲಿದ ಮಕ್ಕಳಲ್ಲಿ ಶೇಕಡಾ 90ರಷ್ಟು ಮಂದಿಯಲ್ಲಿ ಅದು ಜೀವನಪರ್ಯಂತ ಉಳಿಯುತ್ತದೆ. ವಯಸ್ಕರಿಗೆ ತಗುಲಿದರೆ ಉಳಿಯುವುದು ಶೇಕಡಾ 5ಕ್ಕಿಂತ ಕಡಿಮೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಅವಳನ್ನು ಯಾರೂ ಪರೀಕ್ಷಿಸಿರಲಿಲ್ಲ, ಅಷ್ಟೆ.

ಹಾಗಾದರೆ ವಂಶವಾಹಿಗೆ ಇಲ್ಲಿ ಪಾತ್ರವೇ ಇಲ್ಲವೇ? ಇದೆ, ಆದರೆ ಕಥೆಯಲ್ಲಿ ತಡವಾಗಿ ಬರುತ್ತದೆ. ಬಿ ವೈರಸ್‌ನ ಡಿಎನ್‌ಎ ಬಹಳ ಚಿಕ್ಕದು, ಸುಮಾರು 3,200 ಅಕ್ಷರಗಳು. ಅದರ ತುಣುಕುಗಳು ನಮ್ಮ ಯಕೃತ್ತಿನ ಕೋಶದ ಡಿಎನ್‌ಎಯೊಳಗೇ ಸೇರಿಕೊಳ್ಳುತ್ತವೆ. ಲಿವರನ್ನೇ ಕಾಡುವ ಇನ್ನೊಂದು ವೈರಸ್, ಹೆಪಟೈಟಿಸ್ ಸಿ, ಹಾಗಲ್ಲ. ಅದು ಆರ್‌ಎನ್‌ಎ ವೈರಸ್. ವರ್ಷಗಟ್ಟಲೆ ಕೋಶದಲ್ಲಿ ಬೀಡುಬಿಟ್ಟರೂ ನಮ್ಮ ಡಿಎನ್‌ಎಗೆ ಕೈ ಹಾಕುವುದಿಲ್ಲ. ಸಿ ವೈರಸ್ ಬಾಡಿಗೆಗೆ ಕುಳಿತವನು, ಬಿ ವೈರಸ್ ಪಹಣಿಯಲ್ಲೇ ತನ್ನ ಹೆಸರು ಬರೆಸಿಕೊಂಡವನು. ಮೊದಲನೆಯವನನ್ನು 12 ವಾರಗಳ ಮಾತ್ರೆಯಿಂದ ನೂರರಲ್ಲಿ 95ಕ್ಕೂ ಹೆಚ್ಚು ಮಂದಿಯಲ್ಲಿ ಒಕ್ಕಲೆಬ್ಬಿಸಬಹುದು. ಎರಡನೆಯವನನ್ನು ಟೆನೊಫೊವಿರ್, ಎಂಟೆಕವಿರ್ ಮಾತ್ರೆಗಳು ಅಡಗಿಸಿಡುತ್ತವೆ, ಕ್ಯಾನ್ಸರಿನ ಅಪಾಯವನ್ನೂ ತಗ್ಗಿಸುತ್ತವೆ. ಪೂರ್ತಿ ಹೊರಹಾಕುವುದು ಅಪರೂಪ. ಸಿರೋಸಿಸ್, ಅಂದರೆ ಕಲೆಗಟ್ಟಿ ಗಡುಸಾಗುವುದು, ಆಗದ ಯಕೃತ್ತಿನಲ್ಲೂ ಬಿ ವೈರಸ್‌ನಿಂದ ಕ್ಯಾನ್ಸರ್ ಹುಟ್ಟಬಹುದು ಎನ್ನುವುದಕ್ಕೆ ಈ ಒಳನುಸುಳುವಿಕೆಯೇ ಒಂದು ಕಾರಣ.

ಆ ತುಣುಕು ಎಲ್ಲಿ ಸೇರಿಕೊಂಡಿತು ಎಂಬುದು ಮುಖ್ಯ. ಗಡ್ಡೆಗಳನ್ನು ಪರೀಕ್ಷಿಸಿದಾಗ ಅದು ಮತ್ತೆ ಮತ್ತೆ ಕಾಣಿಸುವುದು ಟಿಇಆರ್‌ಟಿ ಎಂಬ ಜೀನ್‌ನ ಬಳಿ. ಕೋಶ ಒಡೆದಾಗಲೆಲ್ಲ ಕ್ರೋಮೋಸೋಮಿನ ತುದಿ ಸವೆಯುತ್ತದೆ. ಆ ತುದಿಯನ್ನು ಮತ್ತೆ ಬೆಳೆಸುವ ಕಿಣ್ವವನ್ನು ತಯಾರಿಸುವುದು ಈ ಜೀನ್. ಬೆಳೆದವರ ಯಕೃತ್ತಿನಲ್ಲಿ ಅದು ಸುಮ್ಮನಿರಬೇಕು. ವೈರಸ್ ಪಕ್ಕದಲ್ಲಿ ಬಂದು ಕೂತರೆ ಎಚ್ಚೆತ್ತುಕೊಳ್ಳುತ್ತದೆ, ಸಾಯಬೇಕಾದ ಕೋಶ ಸಾಯುವುದಿಲ್ಲ. ವೈರಸ್ ಇಲ್ಲದ ರೋಗಿಗಳ ಗಡ್ಡೆಗಳಲ್ಲೂ ಇದೇ ಜೀನ್‌ನ ಮುಂಭಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಅದೇ ಪರಿಣಾಮ ಆಗಿರುವುದುಂಟು.

ಇನ್ನೊಂದು ಗುರುತು ನಮ್ಮ ಅಡುಗೆಮನೆಗೆ ಹತ್ತಿರದ್ದು. ಬೂಷ್ಟು ಹಿಡಿದ ನೆಲಗಡಲೆ, ಜೋಳ, ಮಳೆಗಾಲದಲ್ಲಿ ಸರಿಯಾಗಿ ಒಣಗದ ಕೊಬ್ಬರಿ ಇವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಬೇಯಿಸಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಕೋಶ ಕ್ಯಾನ್ಸರಿಗೆ ತಿರುಗದಂತೆ ಕಾಯುವ ಟಿಪಿ53 ಎಂಬ ಜೀನ್‌ನ 249ನೇ ಸ್ಥಾನದಲ್ಲಿ ಅದು ತನ್ನ ಮುದ್ರೆ ಒತ್ತುತ್ತದೆಂದು 1991ರಲ್ಲಿ ಚೀನಾ ಮತ್ತು ದಕ್ಷಿಣ ಆಫ್ರಿಕಾ ಭಾಗದ ರೋಗಿಗಳ ಗಡ್ಡೆಗಳಿಂದ ತಿಳಿಯಿತು. 1994ರಲ್ಲಿ ಶಾಂಘಾಯಿಯ ಪುರುಷರ ಅಧ್ಯಯನದ ಫಲಿತಾಂಶ ಬಂತು: ಈ ವಿಷವೊಂದೇ ಇದ್ದವರಲ್ಲಿ ಅಪಾಯ ಮೂರು ಪಟ್ಟು, ಬಿ ವೈರಸ್ ಒಂದೇ ಇದ್ದವರಲ್ಲಿ ಏಳು ಪಟ್ಟು, ಎರಡೂ ಇದ್ದವರಲ್ಲಿ ಸುಮಾರು ಅರವತ್ತು ಪಟ್ಟು. ಕಹಿಯಾದ ನೆಲಗಡಲೆಯನ್ನು ಉಗುಳದೆ ನುಂಗುವ ಸಂಕೋಚ ನಮ್ಮ ಮದುವೆ ಊಟಗಳಲ್ಲಿ ಇನ್ನಾದರೂ ಬೇಡ.

ಕಾಮಾಲೆಗೆ ಮದ್ದೆಂದು ಕೊಡುವ ನೆಲನೆಲ್ಲಿಯ ಪ್ರಶ್ನೆ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಬಿ ವೈರಸ್‌ನ ಸುಳಿವು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಮದ್ರಾಸಿನ ಸಂಶೋಧಕರೊಡನೆ ಸೇರಿ ಈ ಗಿಡವನ್ನು ಪರೀಕ್ಷಿಸಿದ್ದರು. 1988ರ ಆ ವರದಿ ಆಸೆ ಹುಟ್ಟಿಸಿತ್ತು. ನಂತರದ ಪರೀಕ್ಷೆಗಳಲ್ಲಿ ಆ ಫಲ ಖಚಿತವಾಗಲಿಲ್ಲ. ಮಳೆಗಾಲದಲ್ಲಿ ನೀರಿನಿಂದ ಬರುವ ಕಾಮಾಲೆ, ಅಂದರೆ ಎ ಮತ್ತು ಇ ವೈರಸ್‌ಗಳದ್ದು, ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮದ್ದಿಗೆ ಹೋಗುತ್ತದೆ. ಅದೇ ನಂಬಿಕೆಯಲ್ಲಿ ಬಿ ವೈರಸ್‌ಗೂ ಕಷಾಯ ಕುಡಿದು ಸುಮ್ಮನಾಗುವುದು ಅಪಾಯ.

ಈಗ ನೇರ ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದೆ, ಉಳಿದವರು ಜೆನೆಟಿಕ್ ಟೆಸ್ಟ್ ಮಾಡಿಸಬೇಕೇ? ನಾನು ಹೇಳಿದ ಎರಡು ಗುರುತುಗಳೂ ಗಡ್ಡೆಯಲ್ಲಿ ಮೂಡಿದವು, ಮಕ್ಕಳಿಗೆ ದಾಟುವಂಥವಲ್ಲ. ಹುಟ್ಟಿನಿಂದ ಬರುವ ಪಿಎನ್‌ಪಿಎಲ್‌ಎ3 ಎಂಬ ಜೀನ್‌ನ ಒಂದು ರೂಪ ಕೊಬ್ಬು, ಮದ್ಯ ಎರಡರಿಂದಲೂ ಆಗುವ ಹಾನಿಯನ್ನು ಹೆಚ್ಚಿಸುವುದು ಹೌದು. ಆದರೆ ಅದು ಇದೆಯೆಂದು ತಿಳಿದರೂ ನಾನು ಕೊಡುವ ಸಲಹೆ ಬದಲಾಗದು. ಸಾವಿರಾರು ರೂಪಾಯಿಯ ಪ್ಯಾಕೇಜಿಗಿಂತ ಮೊದಲು ಬಿ ವೈರಸ್ ಇದೆಯೇ ಎಂದು ತಿಳಿಸುವ ಎಚ್‌ಬಿಎಸ್‌ಎಜಿ ಎಂಬ ಅಗ್ಗದ ರಕ್ತಪರೀಕ್ಷೆ ಮಾಡಿಸಿ: ತಾಯಿ, ಒಡಹುಟ್ಟಿದವರು, ತಾಯಿಯ ಒಡಹುಟ್ಟಿದವರು, ಹೆಂಡತಿ ಅಥವಾ ಗಂಡ, ಮಕ್ಕಳು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ವೈರಸ್ ಇಲ್ಲದವರಿಗೆ ಲಸಿಕೆ. ಹುಟ್ಟಿದ ಮಗುವಿಗೆ ಮೊದಲ ಡೋಸ್ 24 ಗಂಟೆಯೊಳಗೆ. ವೈರಸ್ ಇದ್ದು ಕ್ಯಾನ್ಸರಿನ ಅಪಾಯ ಹೆಚ್ಚಿರುವವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್, ಜೊತೆಗೆ ಈ ಕ್ಯಾನ್ಸರಿನ ಸುಳಿವು ಕೊಡಬಲ್ಲ ಎಎಫ್‌ಪಿ ರಕ್ತಪರೀಕ್ಷೆ. ಅವರ ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ. ರೇಜರ್ ಮಾತ್ರ ಬೇರೆ ಇರಲಿ.

ಇನ್ನು ನಿಮ್ಮ ಪ್ರಶ್ನೆಗಳು. ಎಲ್ಲರೆದುರು ಕೇಳಲು ಮುಜುಗರವಾದರೆ ಚೀಟಿಯಲ್ಲಿ ಬರೆದು ಕಳುಹಿಸಿ, ಹೆಸರು ಬೇಡ.