ಈಶ್ವರ ಸಂವತ್ಸರದ ಶೇಕದಾರ

ಕೇಳುಗರಿಗೆ ನಮಸ್ಕಾರ.

ಮುತ್ತಜ್ಜ ಅಮಲ್ದಾರರಾಗಿದ್ದರು ಅಂತಲೇ ನಮ್ಮ ಮನೆಯ ಮಾತು. ಕುದುರೆ ಮೇಲೆ ಬರುತ್ತಿದ್ದರಂತೆ. ಅವರು ಕೆಮ್ಮಿದರೆ ಊರ ಪಟೇಲ ಎದ್ದು ನಿಲ್ಲುತ್ತಿದ್ದನಂತೆ. ಅಜ್ಜಿಯ ಈ ‘ಅಂತೆ’ಗಳ ಬೆನ್ನು ಹತ್ತಿದ ನನಗೆ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂದೇ ಒಂದು ಹಾಳೆ. ಕೆಳಗೆ ಮುತ್ತಜ್ಜನ ರುಜು, ಪಕ್ಕದಲ್ಲಿ ‘ಶೇಕದಾರ’ ಅಂತ ಹುದ್ದೆ. ಮೈಸೂರು ಸೀಮೆಯಲ್ಲಿ ಅಮಲ್ದಾರನದು ತಾಲ್ಲೂಕು. ಅವನ ಕೈಕೆಳಗೆ ಹೋಬಳಿಯ ಕಂದಾಯ ನೋಡಿಕೊಳ್ಳುವವನು ಶೇಕದಾರ. ಮೂರು ತಲೆಮಾರಿನಲ್ಲಿ ನಾವೇ ಅವರಿಗೆ ಬಡ್ತಿ ಕೊಟ್ಟುಬಿಟ್ಟಿದ್ದೆವು!

ಹಾಳೆಯಲ್ಲಿ ಇಸವಿ ಇರಲಿಲ್ಲ. ‘ಈಶ್ವರ ಸಂವತ್ಸರ’ ಅಂತ, ಜೊತೆಗೆ ತಿಥಿ, ವಾರ, ಅಷ್ಟೇ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಈಶ್ವರ 1817ರಲ್ಲಿ ಬಂತು, 1877ರಲ್ಲಿ ಬಂತು, 1937ರಲ್ಲೂ ಬಂತು. ನಾನು 1937 ಎಂದುಕೊಂಡು ಆರು ತಿಂಗಳು ಸುಮ್ಮನೆ ಅಲೆದೆ.

ದಾರಿ ತೋರಿಸಿದ್ದು ಒಂದು ಪದ. ಆ ಹಾಳೆ ಕಂದಾಯ ಬಾಕಿಯ ಪಟ್ಟಿ. ಹೆಸರಿನ ಮುಂದೆ ‘ಫೌತಿ’, ಮತ್ತೊಂದು ಹೆಸರಿನ ಮುಂದೆಯೂ ‘ಫೌತಿ’, ನಡುನಡುವೆ ‘ಊರು ಬಿಟ್ಟಿದ್ದಾನೆ’. ಫೌತಿ ಖಾತೆ ಮಾಡಿಸಿದವರಿಗೆ ಈ ಪದ ಗೊತ್ತು: ಸತ್ತಿದ್ದಾನೆ. ಒಂದೇ ಊರಲ್ಲಿ ಇಷ್ಟು ಜನವೇ? ಆಗ ಹೊಳೆಯಿತು, ಹಳಬರು ‘ಧಾತು ಈಶ್ವರದ ಬರ’ ಅನ್ನುತ್ತಿದ್ದದ್ದು. ಧಾತು 1876, ಈಶ್ವರ 1877. ಪಂಚಾಂಗ ಬಲ್ಲವರೊಬ್ಬರು ತಿಥಿಗೆ ವಾರ ಹೊಂದಿಸಿ ನೋಡಿ ಅದನ್ನೇ ಹೇಳಿದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ಕ್ಕೆ ಸುಮಾರು 42 ಲಕ್ಷ.

ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಹೆಸರು ಹಿಡಿದು ಹುಡುಕಬೇಡಿ, ಊರು ಹಿಡಿದು ಹುಡುಕಿ. ಊರಿನ ಲೆಕ್ಕ ಬರೆಯುವ ಶಾನುಭೋಗಿಕೆ ವಂಶಪಾರಂಪರ್ಯವಾಗಿತ್ತು, ಶಾನುಭೋಗರು ಹುಟ್ಟಿದೂರಲ್ಲೇ ಸಿಗುತ್ತಾರೆ. ಆ ಪದ್ಧತಿಯನ್ನು ರದ್ದು ಮಾಡಿದ್ದು 1961ರ ಕಾಯ್ದೆ. ಅಮಲ್ದಾರರು ಹಾಗಲ್ಲ, ವರ್ಗವಾಗುತ್ತ ಊರೂರು ತಿರುಗಿದವರು. ಅವರ ಗುರುತು ಅವರು ಕೆಲಸ ಮಾಡಿದ ತಾಲ್ಲೂಕಿನ ಕಾಗದಗಳಲ್ಲಿ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹಳೇ ಮೈಸೂರಿನ ಕಡತಗಳಿವೆ. ಉಳಿದ ಸೀಮೆಗಳು ಆಗ ಬೇರೆ ಆಡಳಿತದಲ್ಲಿದ್ದವು, ಅಲ್ಲಿ ಅಮಲ್ದಾರನ ಹುದ್ದೆಗೆ ಹೆಸರೂ ಬೇರೆ. ಧಾರವಾಡದ ಮಾಮಲೇದಾರರಾದರೆ ಮುಂಬೈಯ ಪತ್ರಾಗಾರ; ಬಳ್ಳಾರಿ, ಮಂಗಳೂರಿನ ತಹಶೀಲ್ದಾರರಾದರೆ ಚೆನ್ನೈ; ರಾಯಚೂರು, ಕಲಬುರಗಿಯವರಾದರೆ ಹೈದರಾಬಾದು. ಹಳೆಯ ಲೆಕ್ಕಗಳಲ್ಲಿ ಮರಾಠಿಯ ಹಳೆಯ ಮೋಡಿ ಲಿಪಿ ಎದುರಾದರೆ ಗಾಬರಿ ಬೇಡ. ಓದಬಲ್ಲವರು ಈಗ ಕಡಿಮೆ, ಆದರೆ ಇದ್ದಾರೆ.

ಕುದುರೆ ಇತ್ತೋ ಇಲ್ಲವೋ, ಹಾಳೆಯಲ್ಲಿ ಅದಿಲ್ಲ. ಪಟೇಲನ ಹೆಸರು ಮಾತ್ರ ಇದೆ, ಪಟ್ಟಿಯ ಏಳನೆಯ ಸಾಲಿನಲ್ಲಿ. ಅದರ ಮುಂದೆ ಮುತ್ತಜ್ಜನ ದುಂಡು ಅಕ್ಷರದಲ್ಲಿ, ಫೌತಿ.

ನಮಸ್ಕಾರ.